ನಾರು ಕೊಳೆಯುತ್ತದೆ, ಪ್ಲಾಸ್ಟಿಕ್ ಉಳಿಯುತ್ತದೆ



ಇಜೇರಿಯಂಥ ಎರೆ ಸೀಮೆಯ ಊರುಗಳಿಗೆ ಪುಂಡಿ ಹೊಸದಲ್ಲ. ಎಲೆ ಪಲ್ಯಕ್ಕೆ, ದಂಟಿನ ನಾರು ಹಗ್ಗಕ್ಕೆ. ಹರಿದ ಪುಂಡಿ ಹಗ್ಗ ತಿಪ್ಪೆಗೆ ಬಿದ್ದರೆ ಕೊನೆಗೆ ಗೊಬ್ಬರವೇ ಆಗುತ್ತದೆ.

ಈಗ ಪುಂಡಿ, ಸೆಣಬು, ತೆಂಗಿನ ನಾರು, ಮರದ ಹೊಟ್ಟುಗಳನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಹಲಗೆ, ಬಾಗಿಲು ಮುಂತಾದವನ್ನು ಮಾಡುತ್ತಾರೆ. ಇವು ಹಗುರ, ಗಟ್ಟಿ. ಆದರೆ "ನಾರಿನ ಸಾಮಾನು, ಮಣ್ಣಿನಲ್ಲಿ ಕರಗುತ್ತದೆ" ಎಂದು ಹೊಲದಲ್ಲಿ ಹೂಳಬೇಡಿ.

ಮಣ್ಣಿನಲ್ಲಿ ಆಗುವುದೇನು? ನಿಮ್ಮ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂತೆ, ನಾರೂ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಪ್ಲಾಸ್ಟಿಕ್ಕಿನ ಹಿಡಿತ ಸಡಿಲಾಗಿ ಸೀಳು ಬೀಳುತ್ತದೆ. ಆ ಸೀಳಿನಿಂದ ಬೂಷ್ಟು, ಸೂಕ್ಷ್ಮಜೀವಿಗಳು ಒಳಹೊಕ್ಕು ನಾರನ್ನು ತಿನ್ನುತ್ತವೆ. ಪಾಲಿಪ್ರೊಪಿಲೀನ್, ಪಾಲಿಥೀನ್‌ಗಳು ಅವಕ್ಕೆ ಆಹಾರವಲ್ಲ. ಅವು ಚೂರುಚೂರಾಗಿ ಮಣ್ಣಿನಲ್ಲೇ ಉಳಿಯುತ್ತವೆ. ಬೆಳೆಯ ಸಕ್ಕರೆಯಿಂದ ಮಾಡುವ ಪಿಎಲ್‌ಎ ಪ್ಲಾಸ್ಟಿಕ್ ಸಹ ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವಿರುವ ಕಾರ್ಖಾನೆಯ ಗೊಬ್ಬರದ ರಾಶಿಯಲ್ಲಿ ಬೇಗ ಕೊಳೆಯುತ್ತದೆ. ಹೊಲದಲ್ಲಿ ಬಹಳ ನಿಧಾನ.

ತೂಕ ಇಳಿದರೆ ಕರಗಿತೆಂದು ತಿಳಿಯಬೇಡಿ. 100 ಗ್ರಾಂ ತುಂಡಿನಲ್ಲಿ 40 ಗ್ರಾಂ ನಾರಿದೆ ಎನ್ನಿ. 30 ಗ್ರಾಂ ಇಳಿದರೂ ಹೋದದ್ದೆಲ್ಲ ನಾರೇ ಆಗಿರಬಹುದು. 60 ಗ್ರಾಂ ಪ್ಲಾಸ್ಟಿಕ್ ಹಾಗೆಯೇ ಇರಬಹುದು. ಆದ್ದರಿಂದಲೇ ಪ್ರಯೋಗಾಲಯದಲ್ಲಿ ತೂಕವನ್ನಷ್ಟೇ ನಂಬದೆ, ಕೊಳೆಯುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡನ್ನೂ ಅಳೆಯುತ್ತಾರೆ.

ನೀವೂ ಪರೀಕ್ಷಿಸಿ ನೋಡಬಹುದು. ಮುಂಗಾರಿನ ಆರಂಭದಲ್ಲಿ ಹತ್ತಿ ಬಟ್ಟೆಯ ಚಿಂದಿ, ಪುಂಡಿ ಹಗ್ಗದ ತುಂಡು, ಈ ಸಾಮಾನಿನ ಚೂರು, ಮೂರನ್ನೂ ಬೇರೆ ಬೇರೆ ನೈಲಾನ್ ಬಲೆಯಲ್ಲಿ ಕಟ್ಟಿ ಬದುವಿನ ಬಳಿ ಒಂದು ಗೇಣು ಆಳದಲ್ಲಿ ಹೂಳಿ, ಗುರುತಿಗೆ ಗೂಟ ನೆಡಿ. ಮಳೆಗಾಲ ಮುಗಿದ ಮೇಲೆ ತೆಗೆಯಿರಿ. ಬಟ್ಟೆ ಕೊಳೆತು ಚೂರು ಉಳಿದಿದ್ದರೆ ತಪ್ಪು ನಿಮ್ಮ ಮಣ್ಣಿನದಲ್ಲ. ನೋಡಿದ ಮೇಲೆ ಬಲೆಯನ್ನೂ ಚೂರನ್ನೂ ಹೊಲದಲ್ಲಿ ಬಿಡಬೇಡಿ.

ಕೊಳ್ಳುವಾಗ ಎರಡು ಮಾತು ಕೇಳಿ: ಬೆರೆಸಿದ ಪ್ಲಾಸ್ಟಿಕ್ ಯಾವುದು? ಕರಗುವುದು ಹೊಲದ ಮಣ್ಣಿನಲ್ಲೋ, ಕಾರ್ಖಾನೆಯ ಗೊಬ್ಬರದ ರಾಶಿಯಲ್ಲೋ? ಬಾಗಿಲು, ಹಲಗೆಗೆ ಇವು ತಕ್ಕವೇ. ಹಳತಾದವನ್ನು ತಿಪ್ಪೆಗೆ ಹಾಕಬೇಡಿ, ಸುಡಲೂಬೇಡಿ. ಪಂಚಾಯಿತಿಯ ಕಸ ಸಂಗ್ರಹಕ್ಕೆ ಒಣ ಕಸವಾಗಿ ಕೊಡಿ. ಸಸಿ ಬೆಳೆಸಲು ಸೆಗಣಿಯ ಬಟ್ಟಲು, ತೆಂಗಿನ ನಾರಿನ ಕುಂಡವೇ ಮೇಲು.

ಗೊಬ್ಬರದೊಡನೆ ಹೊಲ ಸೇರಿದ ಪ್ಲಾಸ್ಟಿಕ್ ಚೂರನ್ನು ಆರಿಸಿ ತೆಗೆಯುವುದು ಯಾರಿಂದಲೂ ಆಗದ ಕೆಲಸ. ತಿಪ್ಪೆಯ ಬಳಿಯೇ ತಡೆಯುವುದು ಜಾಣತನ.