ಕಣ್ಣಿನೊಳಗಿನ ಉರಿಯೂತ ಮತ್ತು ಅಕ್ಷಿಪಟಲದ ರೋಗಗಳು

ಕಣ್ಣು ಮಂಜಾಯಿತೆಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಬರುವ ಮಾತು “ಪೊರೆ ಬಂದಿರಬೇಕು” ಎಂಬುದು. ದಿವಂಗತ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿ ಪೊರೆ ತೆಗೆದದ್ದನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಪೊರೆಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಕೆಲವು ತಿಂಗಳು ಮುಂದೂಡಿದರೂ ಬಹುತೇಕರಿಗೆ ದೊಡ್ಡ ಹಾನಿಯಾಗದು. ಆದರೆ ಎಲ್ಲ ಮಂಜೂ ಪೊರೆಯಲ್ಲ. ಕಣ್ಣಿನೊಳಗಿನ ಉರಿಯೂತ ಮತ್ತು ಅಕ್ಷಿಪಟಲದ ರೋಗಗಳು ಕಾಯುವುದಿಲ್ಲ. ಇವುಗಳಿಂದ ಕಳೆದುಕೊಂಡ ದೃಷ್ಟಿ ಅನೇಕ ವೇಳೆ ಮರಳಿ ಬರುವುದಿಲ್ಲ. ಆದ್ದರಿಂದ ಇವುಗಳ ಬಗ್ಗೆ ನೀವೂ ನಿಮ್ಮ ಮನೆಯವರೂ ತಿಳಿದಿರುವುದು ಅಗತ್ಯ.

ಕಣ್ಣಿನ ರಚನೆ

ಕಣ್ಣುಗುಡ್ಡೆಗೆ ಮುಖ್ಯವಾಗಿ ಮೂರು ಪದರಗಳಿವೆ. ಹೊರಗಿನದು ಗಟ್ಟಿಯಾದ ಬಿಳಿ ಪದರ. ಅದರ ಮುಂಭಾಗವೇ ಗಾಜಿನಂತೆ ಪಾರದರ್ಶಕವಾದ ಕಾರ್ನಿಯಾ. ನಡುವಿನದು ರಕ್ತನಾಳಗಳಿಂದ ತುಂಬಿದ ಯೂವಿಯಾ ಎಂಬ ಪದರ. ಸಿಪ್ಪೆ ಸುಲಿದ ಕಪ್ಪು ದ್ರಾಕ್ಷಿಯಂತೆ ಕಾಣುವುದರಿಂದ, ದ್ರಾಕ್ಷಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಆ ಹೆಸರು ಬಂದಿದೆ. ಎಲ್ಲಕ್ಕಿಂತ ಒಳಗಿನದು ಅಕ್ಷಿಪಟಲ, ಅಂದರೆ ರೆಟಿನಾ. ಸುಮಾರು ಕಾಲು ಮಿಲಿಮೀಟರ್ ದಪ್ಪದ ಈ ನರಪದರದ ಮೇಲೆ ನಾವು ನೋಡುವ ಚಿತ್ರ ಮೂಡುತ್ತದೆ. ಅದರ ನಡುವಿನ ಮ್ಯಾಕುಲಾ ಎಂಬ ಪುಟ್ಟ ಜಾಗದಿಂದಲೇ ನಾವು ಅಕ್ಷರ ಓದುತ್ತೇವೆ, ಸೂಜಿಗೆ ದಾರ ಪೋಣಿಸುತ್ತೇವೆ, ಎದುರಿಗಿದ್ದವರ ಮುಖ ಗುರುತಿಸುತ್ತೇವೆ.

ಕಣ್ಣಿನೊಳಗಿನ ಉರಿಯೂತ

ನಡುಪದರದ ಉರಿಯೂತಕ್ಕೆ ಯುವಿಯೈಟಿಸ್ ಎನ್ನುತ್ತಾರೆ. ಮುಂಭಾಗದಲ್ಲಿ ಬಂದರೆ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ, ದೃಷ್ಟಿ ಮಂಜಾಗುತ್ತದೆ. ಹಿಂಭಾಗದಲ್ಲಿ ಬಂದರೆ ನೋವೂ ಇಲ್ಲ, ಕೆಂಪೂ ಇಲ್ಲ. ದೃಷ್ಟಿ ಮಾತ್ರ ಕುಗ್ಗುತ್ತದೆ, ಕಣ್ಣೆದುರು ಕಪ್ಪು ಚುಕ್ಕೆಗಳು ತೇಲುತ್ತವೆ.

ಇದನ್ನು ಮದ್ರಾಸ್ ಐ ಎಂದು ತಪ್ಪು ತಿಳಿಯುವವರು ಬಹಳ. ಮದ್ರಾಸ್ ಐನಲ್ಲಿ ಪಿಸುರು ಬರುತ್ತದೆ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಪಿಸುರು ಒರೆಸಿದರೆ ಸಾಮಾನ್ಯವಾಗಿ ನೋಟ ಸ್ಪಷ್ಟವಾಗಿಯೇ ಇರುತ್ತದೆ. ಕೆಂಪಿನ ಜೊತೆಗೆ ನೋವು ಮತ್ತು ಮಂಜು ಇದ್ದರೆ ಅದನ್ನು ಮದ್ರಾಸ್ ಐ ಎಂದು ಬಿಡಬೇಡಿರಿ.

ಕಾರಣಗಳು ಹಲವು. ಕ್ಷಯ, ಸಿಫಿಲಿಸ್, ಸರ್ಪಸುತ್ತು ಮುಂತಾದ ಸೋಂಕುಗಳು. ಬೆನ್ನುಮೂಳೆಯ ಮತ್ತು ಕೀಲುಗಳ ವಾತರೋಗ. ಕಣ್ಣಿಗೆ ಬಿದ್ದ ಪೆಟ್ಟು. ನಮ್ಮ ಶರೀರದ ರಕ್ಷಣಾ ಶಕ್ತಿಯೇ ತಪ್ಪಿ ಕಣ್ಣಿನ ಮೇಲೆ ತಿರುಗಿಬೀಳುವುದೂ ಉಂಟು. ಇಲಿಜ್ವರ ಬಂದು ಹೋದ ಕೆಲವರಲ್ಲಿ ವಾರಗಳು, ತಿಂಗಳುಗಳ ನಂತರವೂ ಕಣ್ಣಿನಲ್ಲಿ ಉರಿಯೂತ ಕಾಣಿಸಿಕೊಳ್ಳುತ್ತದೆ. 1993ರಲ್ಲಿ ತಮಿಳುನಾಡಿನಲ್ಲಿ ಭಾರೀ ನೆರೆ ಬಂದ ನಂತರ ಇಂಥ ರೋಗಿಗಳು ಗುಂಪಾಗಿ ಮಧುರೈಯ ಕಣ್ಣಾಸ್ಪತ್ರೆಗೆ ಬಂದದ್ದು ವೈದ್ಯಕೀಯ ದಾಖಲೆಯಲ್ಲಿದೆ. ಗದ್ದೆ, ತೋಟಗಳ ಕೆಸರಿನಲ್ಲಿ ದುಡಿಯುವ ನಮ್ಮ ಮಲೆನಾಡು, ಕರಾವಳಿಯವರೂ ಇದನ್ನು ನೆನಪಿಡಬೇಕು. ಅನೇಕರಲ್ಲಿ ಎಷ್ಟು ಪರೀಕ್ಷಿಸಿದರೂ ಕಾರಣ ಸಿಗುವುದಿಲ್ಲ. ಹಾಗೆಂದು ಚಿಕಿತ್ಸೆ ನಿಲ್ಲುವುದಿಲ್ಲ. ಕಣ್ಣು ತೋರಿಸಲು ಬಂದವರಿಗೆ ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ಯಾಕೆ ಎಂದು ಬೇಸರಿಸಬೇಡಿರಿ. ರೋಗದ ಬೇರು ಶರೀರದ ಬೇರೆ ಕಡೆ ಇರಬಹುದು.

ಚಿಕಿತ್ಸೆ ತಡವಾದರೆ ಪಾಪೆಯು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬೆಳೆಯಬಹುದು, ಮ್ಯಾಕುಲಾದಲ್ಲಿ ನೀರು ತುಂಬಿ ಊತ ಬರಬಹುದು. ಇದು ಮರುಕಳಿಸುವ ರೋಗ. ಒಂದೊಂದು ಸಲ ಬಂದಾಗಲೂ ಸ್ವಲ್ಪ ಸ್ವಲ್ಪ ಹಾನಿ ಕೂಡುತ್ತಾ ಹೋಗುತ್ತದೆ.

ಇದಕ್ಕೆ ಕೊಡುವ ಮುಖ್ಯ ಔಷಧಿ ಸ್ಟಿರಾಯ್ಡ್ ಹನಿ. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹಾಕಲು ಹೇಳಬಹುದು. ನಂತರ ವಾರಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಕೆಂಪು ಹೋಯಿತೆಂದು ನೀವಾಗಿ ನಿಲ್ಲಿಸಿದರೆ ರೋಗ ಮತ್ತೆ ಕೆರಳುತ್ತದೆ. ಅದೇ ಹನಿಯನ್ನು ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಕೊಂಡು ತಿಂಗಳುಗಟ್ಟಲೆ ಹಾಕಿಕೊಂಡರೆ ಒತ್ತಡ ಏರಿ, ಪೊರೆ ಬೆಳೆದು ಬೇರೆ ಅಪಾಯ ಬರುತ್ತದೆ. ಕಬ್ಬಿನ ರವದಿಯೋ ಭತ್ತದ ಹೊಟ್ಟೋ ತಾಗಿ ಹುಣ್ಣಾದ ಕಣ್ಣಿಗೆ ಅದನ್ನು ಹಾಕಿದರೆ ಕಣ್ಣೇ ಹೋಗಬಹುದು.

ಅಕ್ಷಿಪಟಲದ ರೋಗಗಳು

ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಅದು ಹಾಳಾಗುವಾಗ ಕಣ್ಣು ಉರಿಯುವುದಿಲ್ಲ, ಕೆಂಪಾಗುವುದಿಲ್ಲ. ಆದ್ದರಿಂದಲೇ ರೋಗಿಗಳು ತಡವಾಗಿ ಬರುತ್ತಾರೆ.

ಇವುಗಳಲ್ಲಿ ಸಕ್ಕರೆ ಕಾಯಿಲೆಯಿಂದ ಬರುವುದು ಬಹಳ ಮುಖ್ಯವಾದದ್ದು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅಕ್ಷಿಪಟಲದ ಸಣ್ಣ ರಕ್ತನಾಳಗಳ ಗೋಡೆ ದುರ್ಬಲವಾಗುತ್ತದೆ. ಮೊದಲು ಅಲ್ಲಲ್ಲಿ ಸಣ್ಣ ಗುಳ್ಳೆಗಳಂತೆ ಉಬ್ಬುತ್ತವೆ. ಆಗ ರೋಗಿಗೆ ಏನೂ ಗೊತ್ತಾಗದು. ಮುಂದೆ ಅವು ಸೋರತೊಡಗುತ್ತವೆ. ಸೋರಿದ ನೀರು ಮ್ಯಾಕುಲಾದಲ್ಲಿ ನಿಂತರೆ ಓದುವುದು ಕಷ್ಟವಾಗುತ್ತದೆ. ಇನ್ನೂ ಮುಂದೆ ಕೆಲವು ನಾಳಗಳು ಮುಚ್ಚಿಹೋಗುತ್ತವೆ. ರಕ್ತ ಸಾಲದ ಅಕ್ಷಿಪಟಲದಲ್ಲಿ ಹೊಸ ನಾಳಗಳು ಹುಟ್ಟುತ್ತವೆ. ಇವು ಬಹಳ ಮೃದು. ಒಂದು ದಿನ ಒಡೆದು ಕಣ್ಣಿನೊಳಗೆ ರಕ್ತ ತುಂಬಬಹುದು, ಅಥವಾ ಅಕ್ಷಿಪಟಲವನ್ನೇ ಎಳೆದು ಕಿತ್ತುಹಾಕಬಹುದು. ಅಲ್ಲಿಯವರೆಗೂ “ನನಗೆ ಚೆನ್ನಾಗಿ ಕಾಣುತ್ತದೆ” ಎಂದೇ ರೋಗಿ ಹೇಳುತ್ತಿರಬಹುದು.

ಇದನ್ನು ತಡೆಯುವ ದಾರಿ ಇದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇನ್ಸುಲಿನ್ ಅವಲಂಬಿತ ರೋಗಿಗಳು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಾಗ ಹೊಸದಾಗಿ ಅಕ್ಷಿಪಟಲ ರೋಗ ಬರುವ ಸಂಭವ ಶೇ. 76ರಷ್ಟು ಕಡಿಮೆಯಾಯಿತು. ದೊಡ್ಡವರಲ್ಲಿ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಲ್ಲಿ ಬಿ.ಪಿ. ಹತೋಟಿಯೂ ಕಣ್ಣನ್ನು ಕಾಯುತ್ತದೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು.

ರೋಗ ಮುಂದುವರಿದವರಿಗೆ ಲೇಸರ್, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವೆ. ಇಲ್ಲಿ ಒಂದು ಮಾತು: ಲೇಸರ್ ಮಾಡುವುದು ಉಳಿದಿರುವ ದೃಷ್ಟಿಯನ್ನು ಕಾಪಾಡಲು. “ಲೇಸರ್ ಮಾಡಿಸಿದರೂ ಹೆಚ್ಚು ಕಾಣಲಿಲ್ಲ” ಎಂದು ಅರ್ಧಕ್ಕೆ ಬಿಟ್ಟವರು ಇದ್ದ ದೃಷ್ಟಿಯನ್ನೂ ಕಳೆದುಕೊಳ್ಳುತ್ತಾರೆ.

ಇತರ ಮುಖ್ಯ ರೋಗಗಳು:

• ಮ್ಯಾಕುಲಾ ಸವೆತ: 50 ವರ್ಷ ದಾಟಿದವರಲ್ಲಿ, ಅದರಲ್ಲೂ ಬೀಡಿ, ಸಿಗರೇಟು ಸೇದುವವರಲ್ಲಿ ಹೆಚ್ಚು. ಕಿಟಕಿಯ ನೇರ ಸರಳು ಸೊಟ್ಟಗೆ ಕಾಣುತ್ತದೆ.

• ರಕ್ತನಾಳ ಮುಚ್ಚುವುದು: ಬಿ.ಪಿ. ಹೆಚ್ಚಿದ್ದವರಲ್ಲಿ ಒಂದು ಕಣ್ಣು ನೋವಿಲ್ಲದೆ ಇದ್ದಕ್ಕಿದ್ದಂತೆ ಮಂಜಾಗುತ್ತದೆ.

• ಅಕ್ಷಿಪಟಲ ಕಳಚುವುದು: ಹೆಚ್ಚು ಮೈನಸ್ ನಂಬರಿನ ಕನ್ನಡಕದವರಲ್ಲಿ, ಪೆಟ್ಟು ಬಿದ್ದವರಲ್ಲಿ ಸಂಭವ ಹೆಚ್ಚು. ಮಿಂಚು ಹೊಳೆದಂತೆ, ಮಸಿ ಉದುರಿದಂತೆ ಕಂಡು, ಕೊನೆಗೆ ಒಂದು ಬದಿಯಿಂದ ಪರದೆ ಇಳಿದಂತಾಗುತ್ತದೆ. ಮ್ಯಾಕುಲಾ ಕಳಚುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ದೃಷ್ಟಿ ಚೆನ್ನಾಗಿ ಉಳಿಯುತ್ತದೆ.

ನೀವು ಮಾಡಬೇಕಾದದ್ದು

1. ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ಕೂಡಲೇ, ನಂತರ ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲ ಪರೀಕ್ಷೆ ಮಾಡಿಸಿರಿ. ಸಕ್ಕರೆ ಕಾಯಿಲೆಯುಳ್ಳ ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲೇ ಮಾಡಿಸಬೇಕು.

2. ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರ್, ಕಿಟಕಿಯ ಸರಳು ನೋಡಿರಿ. ಎರಡೂ ಕಣ್ಣು ತೆರೆದಿದ್ದರೆ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ.

3. ಮಿಂಚು, ಮಸಿ, ಪರದೆ, ದಿಢೀರ್ ಮಂಜು, ನೋವಿನೊಡನೆ ಕೆಂಪು: ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿರಿ.

4. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಕಣ್ಣಿಗೆ ಹಾಕಬೇಡಿರಿ.

5. ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ ಹಾಕುವುದರಿಂದ ಕೆಲವು ಗಂಟೆ ಮಂಜಾಗಿರುತ್ತದೆ. ಬರುವಾಗ ಜೊತೆಗೊಬ್ಬರನ್ನು ಕರೆತನ್ನಿರಿ; ಅಂದು ಬೈಕ್ ಓಡಿಸಬೇಡಿರಿ.

ರೋಗಿಯ ಜೊತೆ ಬಂದಿರುವವರಿಗೆ ಒಂದು ವಿನಂತಿ. ವಯಸ್ಸಾದವರು “ಇರಲಿ ಬಿಡಪ್ಪ, ವಯಸ್ಸಾಯಿತು” ಎಂದು ಸುಮ್ಮನಾಗುತ್ತಾರೆ. ಮಕ್ಕಳಿಗೆ ಖರ್ಚಾಗುತ್ತದೆಂಬ ಸಂಕೋಚವೂ ಅವರಿಗಿರುತ್ತದೆ. ಅವರು ಅಕ್ಕಿ ಆರಿಸುವಾಗ ತಡವರಿಸಿದರೆ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದರೆ, ನೀವೇ ಕೇಳಿ ಕರೆತನ್ನಿರಿ. ಸಂಶಯವಿದ್ದಲ್ಲಿ ವೈದ್ಯರನ್ನೋ ದಾದಿಯರನ್ನೋ ಸಂಕೋಚವಿಲ್ಲದೆ ಕೇಳಿರಿ. ಮುಂದಿನ ತಪಾಸಣೆಯ ದಿನಾಂಕವನ್ನು ಬರೆಸಿಕೊಂಡೇ ಹೊರಡಿರಿ.