ನಾಯಿ ಸೂಜಿ ಆಯ್ತು, ಗುಲ್ಮದ ಮಾತು ಕೇಳಿದವರಾರು?

ಬೆಳಗಾದರೆ ಸಾಕು, ಯಾವ ಊರಿನ ದೊಡ್ಡಾಸ್ಪತ್ರೆಗೆ ಹೋದರೂ ಇಂಜೆಕ್ಷನ್ ಕೋಣೆ ಮುಂದೆ ಸಾಲು. ಮಾಂಸದಂಗಡಿ ಹತ್ತಿರ ನಾಯಿ ಬಾಯಿಗೆ ಸಿಕ್ಕವರು, ಮನೆ ಬೆಕ್ಕಿನಿಂದ ಕಚ್ಚಿಸಿಕೊಂಡವರು, ಶಾಲೆ ಚೀಲ ಹೊತ್ತ ಮಕ್ಕಳು. “ಬೀದಿ ನಾಯೋ, ಸಾಕಿದ್ದೋ? ಕಚ್ಚಿ ಎಷ್ಟೊತ್ತಾಯ್ತು?” ಎರಡು ಪ್ರಶ್ನೆ, ಒಂದು ಸೂಜಿ, ಕೈಗೊಂದು ಚೀಟಿ. ಹೊಕ್ಕುಳ ಸುತ್ತ 14 ಸೂಜಿ ಚುಚ್ಚಿಸಿಕೊಳ್ಳುವ ಕಾಲ 2004ಕ್ಕೇ ಮುಗಿಯಿತು. ಈಗ ತೋಳಿಗೆ ನಾಲ್ಕೈದು ಸರದಿ. “ಅಬ್ಬ, ಗಂಡಾಂತರ ಕಳೀತು” ಅಂತ ಜನ ಮನೆ ಸೇರುತ್ತಾರೆ.

ಆದರೆ ಆ ಸೂಜಿ ತಡೆಯುವುದು ರೇಬಿಸ್ ಒಂದನ್ನೇ. ನಾಯಿ, ಬೆಕ್ಕಿನ ಜೊಲ್ಲಿನಲ್ಲಿ ಬೇರೆ ರೋಗಾಣುಗಳೂ ಇವೆ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಬಿಡುವ ಪಾಶ್ಚುರೆಲ್ಲಾ ಒಂದು ದಿನದೊಳಗೇ ಕೈ ಊದಿಸುತ್ತದೆ. ಇನ್ನೊಂದರ ಹೆಸರು ಕ್ಯಾಪ್ನೊಸೈಟೊಫಾಗಾ ಕ್ಯಾನಿಮಾರ್ಸಸ್. 1976ರಲ್ಲಿ ಮೊದಲು ವರದಿಯಾಗಿ, 1989ರಲ್ಲಿ ಈ ಹೆಸರು ಪಡೆಯಿತು. ಆರೋಗ್ಯವಾಗಿರುವ ನಾಯಿಯ ಬಾಯಲ್ಲೂ ಇದು ಇರುತ್ತದೆ. ಗಟ್ಟಿಮುಟ್ಟಾದವರಿಗೆ ಇದರ ಕಾಟ ಅಪರೂಪ. ಮೈಯಲ್ಲಿ ಕಸುವು ಇಲ್ಲದವರಿಗೆ ಪ್ರಾಣಕ್ಕೇ ಸಂಚಕಾರ.

ಯಾರು ಅಂಥವರು? ಮುಖ್ಯವಾಗಿ ಗುಲ್ಮ, ಅಂದರೆ ಸ್ಪ್ಲೀನ್, ಇಲ್ಲದವರು. ರಕ್ತದಲ್ಲಿ ಹರಿಯುವ ರೋಗಾಣುಗಳನ್ನು ಸೋಸುವ ಅಂಗ ಇದು. ಬೈಕಿನಿಂದ ಬಿದ್ದು ಗುಲ್ಮ ತೆಗೆಸಿಕೊಂಡವರು ಹತ್ತು ವರ್ಷದ ಮೇಲೆ ಅದನ್ನು ಮರೆತೇಬಿಟ್ಟಿರುತ್ತಾರೆ. ಮೈಸೂರು, ಕೊಡಗು, ಚಾಮರಾಜನಗರದ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯಲ್ಲಿ ಗುಲ್ಮ ತಾನಾಗಿಯೇ ಸೊರಗಿಹೋಗುತ್ತದೆ. ಕುಡಿದು ಲಿವರ್ ಕೆಟ್ಟವರು, ಕ್ಯಾನ್ಸರಿಗೆ ಔಷಧಿ ಪಡೆಯುವವರು, ಕಿಡ್ನಿ ಕಸಿ ಆದವರು, ಬಹುದಿನ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಸಕ್ಕರೆ ಹತೋಟಿಯಲ್ಲಿಲ್ಲದವರು ಕೂಡ ಎಚ್ಚರ ವಹಿಸಬೇಕು.

ಮೋಸ ಎಲ್ಲಿದೆ ಅಂದರೆ, ಗಾಯ ಸಣ್ಣದೇ ಇರಬಹುದು. ಎರಡು ಮೂರು ದಿನಕ್ಕೆ ಚಳಿಜ್ವರ, ವಾಂತಿ, ಹೊಟ್ಟೆನೋವು. ಆಮೇಲೆ ಮೈಮೇಲೆ ನೇರಳೆ ಮಚ್ಚೆ, ಬೆರಳು ಕಪ್ಪು. ಸೋಂಕು ರಕ್ತಕ್ಕೇರಿ ಬಿಗಡಾಯಿಸಿದರೆ ಹತ್ತರಲ್ಲಿ ಸುಮಾರು 3 ಮಂದಿ ಉಳಿಯುವುದಿಲ್ಲ. ಲ್ಯಾಬಿನಲ್ಲಿ ಈ ರೋಗಾಣು ಬೆಳೆಯಲು ದಿನಗಟ್ಟಲೆ ಬೇಕು. ರೋಗಿ ಅಲ್ಲಿಯವರೆಗೆ ಕಾಯಲಾರ.

ಮಾಡಬೇಕಾದ್ದು ಇಷ್ಟೇ. ಕಚ್ಚಿದ ಕೂಡಲೇ ನಲ್ಲಿ ನೀರು, ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಮೆತ್ತಬಾರದು. ರೇಬಿಸ್ ಸೂಜಿಯನ್ನಂತೂ ಒಂದು ಸರದಿಯೂ ತಪ್ಪಿಸದೆ ಹಾಕಿಸಬೇಕು. ಟಿ.ಟಿ. ವಿಚಾರವನ್ನೂ ಕೇಳಬೇಕು. ಇಂಥ ರೋಗಿಗಳಿಗೆ ರಕ್ತ ಬಾರದ ತರಚುಗಾಯವಾದರೂ ಲಸಿಕೆಯ ಜತೆ ಇಮ್ಯುನೊಗ್ಲೋಬ್ಯುಲಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೀವಾಗುವ ತನಕ ಕಾಯದೆ ಆಂಟಿಬಯಾಟಿಕ್ ಶುರು ಮಾಡುವುದೂ ಪದ್ಧತಿ, ಸಾಮಾನ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಅದನ್ನು ಡಾಕ್ಟರು ಬರೆಯಬೇಕೇ ಹೊರತು ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವುದಲ್ಲ.

ಆದರೆ ಹೇಳದೇ ಹೋದರೆ ಡಾಕ್ಟರಿಗೆ ತಿಳಿಯುವುದಾದರೂ ಹೇಗೆ? ಆ ಎರಡು ಪ್ರಶ್ನೆಯ ಜತೆಗೆ ಮೂರನೆಯದೊಂದು ಸೇರಲಿ: “ಗುಲ್ಮ ತೆಗೆಸಿದ್ದೀರಾ? ಬೇರೆ ಕಾಯಿಲೆಗೆ ಮಾತ್ರೆ ತಗೋತೀರಾ?” ಇದಕ್ಕೆ ಬಜೆಟ್ ಬೇಡ, ಮಂತ್ರಿಗಳ ಮಂಜೂರಾತಿ ಬೇಡ. ಇಂಜೆಕ್ಷನ್ ಕೋಣೆ ಬಾಗಿಲಿಗೆ ಒಂದು ಬೋರ್ಡು ಸಾಕು. ಬೋರ್ಡು ಬರುವ ತನಕ, ಕೇಳದಿದ್ದರೂ ಜನರೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.