ಕಪ್ಪು ಟೀ ಶರ್ಟಿನ ಬಿಳಿ ಗೆರೆಗಳು

ಕಳೆದ ವರ್ಷದ ಮಾತು. ಬೆಳಗ್ಗಿನ ಮದ್ರಸ ಕ್ಲಾಸಿಗೆ ಒಬ್ಬ ಹುಡುಗ ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂದಿದ್ದ. ಎದೆಯ ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು, ನಡುವಿನಲ್ಲಿ ಗುಡ್ಡದ ಹಾಗೆ ಎದ್ದಿದ್ದವು. "ಇದೆಂಥ ಗೀಚಾಟ ಮೋನೇ? ಮದ್ರಸಕ್ಕೆ ಬರಲು ಇದೇ ಸಿಕ್ಕಿದ್ದಾ?" ಎಂದು ಎಲ್ಲರೆದುರು ಗದರಿದೆ. ಮಕ್ಕಳು ನಕ್ಕರು. ಮರುದಿನದಿಂದ ಅವನು ಬಿಳಿ ಅಂಗಿಯಲ್ಲೇ ಬಂದ. ಆದರೆ ನನ್ನ ಜೊತೆ ಮಾತು ನಿಂತಿತು.

ಮೀಲಾದ್ ಹತ್ತಿರ ಬಂದಾಗ ಮಕ್ಕಳಿಗೆ ಟೀ ಶರ್ಟ್ ಮಾಡಿಸಲೆಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೋದೆ. ನೋಡಿದರೆ ಒಳಗೆ ಅದೇ ಹುಡುಗ! ಅಂಗಡಿ ಅವನ ಮಾವನದ್ದು. ರಜೆಯಲ್ಲಿ ಅಲ್ಲೇ ಕೆಲಸ ಕಲಿಯುತ್ತಾನಂತೆ. ನಾನೇ ಆ ಟೀ ಶರ್ಟಿನ ವಿಷಯ ತೆಗೆದೆ. "ಅದು ಗೀಚಾಟ ಅಲ್ಲ ಉಸ್ತಾದ್, ನಕ್ಷತ್ರದ್ದು" ಎಂದ ಮೆಲ್ಲಗೆ.

ಅವನು ಹೇಳಿದ್ದು ನಿಜ. 1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಜೋಸೆಲಿನ್ ಬೆಲ್ ಎಂಬ ವಿದ್ಯಾರ್ಥಿನಿ ಆಕಾಶದಿಂದ ಬರುವ ಒಂದು ರೇಡಿಯೋ ಮಿಡಿತವನ್ನು ಪತ್ತೆ ಹಚ್ಚಿದಳು. ಸುಮಾರು 1.3 ಸೆಕೆಂಡಿಗೊಮ್ಮೆ, ನಾಡಿಯ ಹಾಗೆ, ತಪ್ಪದೆ ಬರುವ ಮಿಡಿತ. ಪಲ್ಸರ್ ಎಂಬ ನಕ್ಷತ್ರ ಮನುಷ್ಯನಿಗೆ ಮೊದಲು ತಿಳಿದದ್ದು ಹೀಗೆ. ಟೀ ಶರ್ಟಿನ ಒಂದೊಂದು ಗೆರೆಯೂ ಅದರ ಒಂದೊಂದು ಮಿಡಿತ. ಖಗೋಳದ ಪುಸ್ತಕವೊಂದರಲ್ಲಿ ಇದು ಬಿಳಿ ಕಾಗದದ ಮೇಲೆ ಕಪ್ಪು ಗೆರೆಯಾಗಿತ್ತು. 1979ರಲ್ಲಿ ಜಾಯ್ ಡಿವಿಷನ್ ಎಂಬ ಇಂಗ್ಲಿಷ್ ಸಂಗೀತ ತಂಡದ ಆಲ್ಬಮ್ಮಿಗೆ ಹೊದಿಕೆ ಮಾಡುವಾಗ ಪೀಟರ್ ಸ್ಯಾವಿಲ್ ಎಂಬ ಕಲಾವಿದ ಅದನ್ನು ತಿರುಗಿಸಿ ಕಪ್ಪಿನ ಮೇಲೆ ಬಿಳಿ ಮಾಡಿದ. ಅಷ್ಟಕ್ಕೇ ಪುಸ್ತಕದ ನಕ್ಷೆ ರಾತ್ರಿಯ ಆಕಾಶದಂತಾಯಿತು. ಬಣ್ಣದ ಆಯ್ಕೆ ಅಂದರೆ ಇದು.

ಹುಡುಗ ಕೆಲಸವನ್ನೂ ತೋರಿಸಿದ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಫ್ರೇಮ್ ಬೇಕು. ಫ್ರೇಮಿಗೆ ಬಿಗಿದ ಜಾಳಿಗೆಯ ಮೇಲೆ ಇಂಕ್ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ ಒಂದು ಬಣ್ಣ ಮಾತ್ರ ಬಟ್ಟೆಗೆ ಇಳಿಯುತ್ತದೆ. ನಾಲ್ಕು ಬಣ್ಣವಾದರೆ ನಾಲ್ಕು ಸಲ. ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಟ್ಟಿತು. ಕಡು ಬಣ್ಣದ ಬಟ್ಟೆಯಾದರೆ ಹಳದಿ, ಕೆಂಪು ಮಂಕಾಗದಂತೆ ಮೊದಲು ಅಡಿಗೆ ಬಿಳಿ ಹಾಕಬೇಕು. ಅದಕ್ಕೇ ಬಲ್ಲವರು ಬಟ್ಟೆಯ ಬಣ್ಣವನ್ನೂ ಚಿತ್ರದೊಳಗೆ ಸೇರಿಸಿಕೊಳ್ಳುತ್ತಾರೆ. 1977ರಲ್ಲಿ ಮಿಲ್ಟನ್ ಗ್ಲೇಸರ್ ನ್ಯೂಯಾರ್ಕಿಗಾಗಿ ಬರೆದ ಗುರುತು ನೋಡಿ: ಮೂರು ಕಪ್ಪು ಅಕ್ಷರ, ಒಂದು ಕೆಂಪು ಹೃದಯ, ಉಳಿದದ್ದೆಲ್ಲ ಬರೀ ಬಿಳಿ. ಇಂದಿಗೂ ಲೋಕವಿಡೀ ಅದನ್ನು ಹಾಕಿಕೊಳ್ಳುತ್ತದೆ.

ಹಾಗಾದರೆ ಏನು ಬೇಕಾದರೂ ಹಾಕಬಹುದಾ? ಅಲ್ಲ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳು ಹೇಳಿದ್ದು ಇದ್ದೇ ಇದೆ. ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಬರಹ ಹೊತ್ತು ತಿರುಗುವುದೂ ಸರಿಯಲ್ಲ. ನಮಾಝಿನಲ್ಲಂತೂ ಮುಂದಿನವನ ಬೆನ್ನಿನ ಚಿತ್ರ ಹಿಂದಿನ ಸಫ್ಫಿನವನ ಕಣ್ಣೆದುರೇ ಇರುತ್ತದೆ. ಚಿತ್ತಾರವಿದ್ದ ಹೊದಿಕೆ ನಮಾಝಿನಲ್ಲಿ ಗಮನ ಸೆಳೆಯಿತೆಂದು ಪ್ರವಾದಿ(ಸ) ಅದನ್ನು ಅಬೂ ಜಹ್ಮ್‌ರಿಗೆ ಕಳುಹಿಸಿ, ಅವರಲ್ಲಿದ್ದ ಸಾದಾ ಹೊದಿಕೆ ತರಿಸಿಕೊಂಡ ಹದೀಸ್ ಬುಖಾರಿಯಲ್ಲಿದೆ. ಇದನ್ನು ಅವತ್ತು ಆ ಹುಡುಗನಿಗೆ ಸಮಾಧಾನದಲ್ಲಿ ಹೇಳಬಹುದಿತ್ತು. ನಾನು ಹೇಳಲಿಲ್ಲ, ನಗೆಪಾಟಲು ಮಾಡಿದೆ.

ಉಮ್ಮಂದಿರೇ, ಪೆರ್ನಾಳಿಗೆ ಮಕ್ಕಳು ಆರಿಸಿದ ಟೀ ಶರ್ಟನ್ನು ಬದಿಗೆ ಎಸೆಯುವ ಮೊದಲು "ಇದರಲ್ಲಿ ಏನಿದೆ, ನಿನಗೆ ಯಾಕೆ ಇಷ್ಟ?" ಎಂದು ಒಮ್ಮೆ ಕೇಳಿ. ಬೇಡ ಎನ್ನುವುದಾದರೂ ಕೇಳಿದ ಮೇಲೆ ಹೇಳಿ.

ಅಂಗಡಿಯಲ್ಲೇ ನಾನು ಹುಡುಗನಲ್ಲಿ ಮಾಫ್ ಕೇಳಿದೆ. ಮೀಲಾದಿನ ಟೀ ಶರ್ಟಿನ ಚಿತ್ರವನ್ನೂ ಅವನಿಗೇ ಬಿಟ್ಟೆ. ಕಡು ಹಸಿರು ಬಟ್ಟೆ, ಎದೆಯ ಎಡಕ್ಕೆ ಬಿಳಿಯಲ್ಲಿ ಸಣ್ಣ ಮಿನಾರ, ಕೆಳಗೆ ಮದ್ರಸದ ಹೆಸರು. ಒಂದೇ ಇಂಕ್, ಖರ್ಚೂ ಕಡಿಮೆ. "ಹಿಂದುಗಡೆ ಏನು ಹಾಕುತ್ತೀ?" ಎಂದು ಕೇಳಿದೆ.

"ಏನೂ ಬೇಡ ಉಸ್ತಾದ್. ಹಿಂದಿನ ಸಫ್ಫಿನವರು ನಮಾಝ್ ಮಾಡಬೇಕಲ್ಲಾ" ಎಂದ.